ಡಿಗ್ರೀಸ್ ಆಫ್ ಕಂಪ್ಯಾರಿಸನ್ ಮತ್ತು ಪ್ಯಾಸೇಜ್: ಪರೀಕ್ಷೆಗೆ ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡುವುದು ಹೇಗೆ?

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಕ್ಕಳ ಇಂಗ್ಲಿಷ್ ಉತ್ತರ ಪತ್ರಿಕೆಗಳನ್ನು ವರ್ಷವರ್ಷವೂ ನೋಡುತ್ತ ಬಂದವರಿಗೆಲ್ಲ ಒಂದು ವಿಷಯ ಚೆನ್ನಾಗಿ ಗೊತ್ತಿದೆ. ‘ಗುಡ್, ಬೆಟರ್, ಬೆಸ್ಟ್’ ಎಂಬ ಡಿಗ್ರಿಗಳ (ಹೋಲಿಕೆಯ ಮೂರು ಮಟ್ಟಗಳಾದ ಪಾಸಿಟಿವ್, ಕಂಪ್ಯಾರಟಿವ್, ಸೂಪರ್ಲೇಟಿವ್ ರೂಪಗಳ) ಪಟ್ಟಿಯನ್ನು ತಡವರಿಸದೆ ಒಪ್ಪಿಸುವ ವಿದ್ಯಾರ್ಥಿಯೇ, ವಾಕ್ಯವನ್ನು ಬೇರೊಂದು ಡಿಗ್ರಿಗೆ ಬದಲಿಸಿ ಬರೆಯಿರಿ ಎಂದಾಗ ಅರ್ಥವನ್ನು ತಲೆಕೆಳಗು ಮಾಡಿಬಿಡುತ್ತಾನೆ. ಅದೇ ವಿದ್ಯಾರ್ಥಿ, ಓದಿ ಉತ್ತರಿಸಲು ಕೊಡುವ ಗದ್ಯಭಾಗದಲ್ಲಿ, ಅಂದರೆ ಪ್ಯಾಸೇಜಿನಲ್ಲಿ, ಹೋಲಿಕೆಯ ವಾಕ್ಯವೊಂದು ಎದುರಾದಾಗ, ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನು ಗುರುತಿಸಲಾಗದೆ ಮೊದಲು ಕಣ್ಣಿಗೆ ಬಿದ್ದ ಹೆಸರನ್ನು ಉತ್ತರವೆಂದು ಬರೆಯುತ್ತಾನೆ. ಈ ಎರಡು ತಪ್ಪುಗಳ ಬೇರು ಒಂದೇ ಆಗಿರುವುದರಿಂದ ವ್ಯಾಕರಣಕ್ಕೆ ಒಂದು ದಿನ, ಪ್ಯಾಸೇಜಿಗೆ ಇನ್ನೊಂದು ದಿನ ಎಂದು ವಿಂಗಡಿಸದೆ ಎರಡನ್ನೂ ಜೊತೆಯಲ್ಲೇ ಅಭ್ಯಾಸ ಮಾಡಬೇಕು.

ಮೊದಲು ಸಾಮಗ್ರಿ. ಒಂದು ದಪ್ಪ ನೋಟ್‌ಬುಕ್, ಒಂದು ಪೆನ್ಸಿಲ್, ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ವಾರಕ್ಕೆ ಎರಡು ಮೂರು ಬಾರಿಯಾದರೂ ಸಿಗುವ ಇಂಗ್ಲಿಷ್ ದಿನಪತ್ರಿಕೆ, ಇಷ್ಟೇ ಸಾಕು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಉಚಿತವಾಗಿಯೇ ಸಿಗುತ್ತವೆ. ಪ್ರಶ್ನೆಯ ಕೆಳಗೇ ಉತ್ತರವನ್ನು ಅಚ್ಚು ಹಾಕಿರುವ ಗೈಡುಗಳನ್ನು ಮಾತ್ರ ಈ ಅಭ್ಯಾಸಕ್ಕೆ ಬಳಸಲೇಬಾರದು, ಏಕೆಂದರೆ ಉತ್ತರ ಕಣ್ಣೆದುರಿಗಿದ್ದಾಗ ಬುದ್ಧಿ ಹುಡುಕಾಟಕ್ಕೆ ಇಳಿಯುವುದೇ ಇಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಿಸುವ ಮೊಬೈಲ್ ಆ್ಯಪ್‌ಗಳೂ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಪೂರ್ತಿ ವಾಕ್ಯವನ್ನು ಕೈಯಾರೆ ಬರೆಯುವಾಗ ಆಗುವ ತಪ್ಪು, ಬೆರಳಿನಿಂದ ಒತ್ತುವಾಗ ಕಾಣಿಸಿಕೊಳ್ಳದೆ ಉಳಿದುಬಿಡುತ್ತದೆ.

ಎರಡನೆಯದಾಗಿ ರೂಪಗಳ ಪಟ್ಟಿ. ‘ಬಿಗ್’ ಎಂಬುದು ‘ಬಿಗರ್’ ಆಗುವಾಗ ಜಿ ಅಕ್ಷರ ಎರಡಾಗುತ್ತದೆ, ‘ಹ್ಯಾಪಿ’ಯ ಕೊನೆಯ ವೈ ಅಕ್ಷರ ಐ ಆಗುತ್ತದೆ, ‘ಬ್ಯೂಟಿಫುಲ್’ನಂಥ ಉದ್ದದ ಪದಗಳಿಗೆ ಮುಂದೆ ‘ಮೋರ್’, ‘ಮೋಸ್ಟ್’ ಸೇರುತ್ತವೆ. ಇದನ್ನು ಎರಡು ಸಂಜೆಗಳಲ್ಲಿ ಮುಗಿಸಿ ಮುಂದಕ್ಕೆ ಹೋಗಬಹುದು.

ಮೂರನೆಯ ಹಂತವೆಂದರೆ ಕನ್ನಡದ ಅಭ್ಯಾಸ ನಮ್ಮನ್ನು ಎಲ್ಲಿ ಎಡವಿಸುತ್ತದೆ ಎಂಬುದನ್ನು ಅರಿಯುವುದು. ‘ಮುಳ್ಳಯ್ಯನಗಿರಿ ಕುದುರೆಮುಖಕ್ಕಿಂತ ಎತ್ತರ’ ಎನ್ನುವಾಗ ನಾವು ‘ಎತ್ತರ’ ಎಂಬ ಪದವನ್ನು ಮುಟ್ಟುವುದಿಲ್ಲ; ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಎಂಬ ಪ್ರತ್ಯಯವೇ ಹೊರುತ್ತದೆ. ಇಂಗ್ಲಿಷಿನಲ್ಲಿ ಗುಣವಾಚಕವೂ ಬದಲಾಗಬೇಕು, ‘ದ್ಯಾನ್’ ಎಂಬುದೂ ಬರಬೇಕು. ಇದನ್ನು ಮರೆತವರು ‘ಹೈ ದ್ಯಾನ್’ ಎಂದು ಬರೆಯುತ್ತಾರೆ, ಅತಿಯಾಗಿ ನೆನಪಿಟ್ಟವರು ‘ಮೋರ್ ಹೈಯರ್’ ಎಂದು ಬರೆಯುತ್ತಾರೆ. ‘ತುಂಬಾ ಉತ್ತಮ’ ಎಂಬ ಅಭ್ಯಾಸದಿಂದ ಬರುವ ‘ವೆರಿ ಬೆಟರ್’ ಕೂಡ ಇದೇ ಜಾತಿಯ ತಪ್ಪು. ಅಲ್ಲಿ ‘ಮಚ್ ಬೆಟರ್’ ಎಂದೇ ಬರಬೇಕು. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್‌ಫೀರಿಯರ್’ ಎಂಬ ನಾಲ್ಕು ಪದಗಳ ನಂತರ ‘ದ್ಯಾನ್’ ಬಾರದೆ ‘ಟು’ ಬರುತ್ತದೆ ಎಂಬುದನ್ನೂ ಇಲ್ಲಿಯೇ ಬರೆದಿಟ್ಟುಕೊಳ್ಳಿ.

ಇನ್ನು ನಾಲ್ಕನೆಯ ಹಂತ, ವಾಕ್ಯವನ್ನು ಒಂದು ಡಿಗ್ರಿಯಿಂದ ಇನ್ನೊಂದಕ್ಕೆ ಬದಲಿಸುವುದು. ಅಂಕಗಳು ಸೋರಿಹೋಗುವುದು ಇಲ್ಲಿಯೇ ಆದ್ದರಿಂದ ಇದಕ್ಕೆ ಕನಿಷ್ಠ ಎರಡು ವಾರ ಕೊಡಿ. ಪ್ರತಿಯೊಂದು ವಾಕ್ಯವನ್ನೂ ಬದಲಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ಯಾರು ಮುಂದಿದ್ದಾರೆ, ಅಂದರೆ ಹೋಲಿಕೆಯಲ್ಲಿ ಯಾರು ಹೆಚ್ಚು? ಮುಂದಿರುವ ಹೆಸರಿನ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿ. ಬದಲಿಸಿ ಬರೆದ ಮೇಲೆ ಹೊಸ ವಾಕ್ಯಕ್ಕೂ ಅದೇ ಪ್ರಶ್ನೆ ಕೇಳಿ, ಅಲ್ಲಿಯೂ ಗುರುತು ಹಾಕಿ. ಎರಡು ಗುರುತುಗಳೂ ಒಂದೇ ಹೆಸರಿನ ಮೇಲೆ ಬೀಳದಿದ್ದರೆ ಉತ್ತರ ತಪ್ಪಾಗಿದೆ ಎಂದೇ ಅರ್ಥ. ಯಾವ ಸೂತ್ರವನ್ನೂ ನೆನಪಿಸಿಕೊಳ್ಳದೆ ನಿಮ್ಮ ಉತ್ತರವನ್ನು ನೀವೇ ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಮೊದಲು ಇಬ್ಬರ ಅಥವಾ ಎರಡು ವಸ್ತುಗಳ ಹೋಲಿಕೆಯನ್ನು ತೆಗೆದುಕೊಳ್ಳಿ. ‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಕುದುರೆಮುಖ’ ಎಂಬುದನ್ನು ಪಾಸಿಟಿವ್ ಡಿಗ್ರಿಗೆ ಬದಲಿಸಿದರೆ ‘ಕುದುರೆಮುಖ ಈಸ್ ನಾಟ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಎಂದಾಗುತ್ತದೆ. ಇಲ್ಲಿ ಹೆಸರುಗಳು ಅದಲುಬದಲಾಗಿವೆ, ‘ನಾಟ್’ ಕೂಡ ಸೇರಿದೆ. ಈ ಎರಡೂ ಕೆಲಸಗಳು ಒಟ್ಟಿಗೆ ಆಗಲೇಬೇಕು. ಹೆಸರುಗಳನ್ನು ಅದಲುಬದಲು ಮಾಡದೆ ‘ನಾಟ್’ ಮಾತ್ರ ಸೇರಿಸಿದರೆ ಕುದುರೆಮುಖವೇ ಎತ್ತರವಾಗುವ ಸಾಧ್ಯತೆ ಹುಟ್ಟುತ್ತದೆ. ‘ನಾಟ್’ ಬಿಟ್ಟು ಹೆಸರುಗಳನ್ನಷ್ಟೇ ಬದಲಿಸಿದರೆ ಎರಡೂ ಸಮವಾಗುತ್ತವೆ. ಇವೆರಡರಲ್ಲಿ ಒಂದು ತಪ್ಪು ಪ್ರತಿಯೊಂದು ತರಗತಿಯಲ್ಲೂ ಕಾಣಸಿಗುತ್ತದೆ, ಮತ್ತು ಪೆನ್ಸಿಲ್ ಗುರುತು ಎರಡನ್ನೂ ತಕ್ಷಣ ಹಿಡಿದುಕೊಡುತ್ತದೆ.

ಬಳಿಕ ಎಲ್ಲರಿಗಿಂತ ಮುಂದಿರುವ ಒಂದರ ವಾಕ್ಯ. ‘ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’ ಎಂಬುದು ಕಂಪ್ಯಾರಟಿವ್‌ನಲ್ಲಿ ‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಅದರ್ ಪೀಕ್ ಇನ್ ಕರ್ನಾಟಕ’ ಎಂದಾಗುತ್ತದೆ, ಪಾಸಿಟಿವ್‌ನಲ್ಲಿ ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಎಂದಾಗುತ್ತದೆ. ‘ಅದರ್’ ಎಂಬ ಪದವನ್ನು ಬಿಡುವವರೇ ಹೆಚ್ಚು. ಅದು ಏಕೆ ಬೇಕೆಂಬುದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮತ್ತೆ ಬಿಡಲಾರಿರಿ: ಮುಳ್ಳಯ್ಯನಗಿರಿಯೂ ಕರ್ನಾಟಕದ ಒಂದು ಶಿಖರವಾದ್ದರಿಂದ, ‘ಅದರ್’ ಇಲ್ಲದಿದ್ದರೆ ಅದು ತನಗಿಂತ ತಾನೇ ಎತ್ತರ ಎಂದು ಹೇಳಿದಂತಾಗುತ್ತದೆ. ಹೋಲಿಸುತ್ತಿರುವ ಗುಂಪಿಗೆ ಆ ವಸ್ತು ಸೇರಿರದಿದ್ದರೆ ‘ಅದರ್’ ಬರುವುದಿಲ್ಲ. ಅನಿಲ್ ಕುಂಬ್ಳೆ ಟೆಸ್ಟ್ ಕ್ರಿಕೆಟ್ಟಿನಲ್ಲಿ ಪಡೆದ 619 ವಿಕೆಟ್‌ಗಳ ಬಗ್ಗೆ ಬರೆಯುವಾಗ ಭಾರತದ ಬೌಲರ್‌ಗಳ ಜೊತೆ ಹೋಲಿಸಿದರೆ ‘ಎನಿ ಅದರ್ ಇಂಡಿಯನ್ ಬೌಲರ್’ ಎನ್ನಬೇಕು, ಪಾಕಿಸ್ತಾನದ ಬೌಲರ್‌ಗಳ ಜೊತೆ ಹೋಲಿಸಿದರೆ ‘ಎನಿ ಪಾಕಿಸ್ತಾನಿ ಬೌಲರ್’ ಎಂದರೆ ಸಾಕು. ‘ಎನಿ ಅದರ್’ ನಂತರ ಏಕವಚನ, ‘ಆಲ್ ಅದರ್’ ನಂತರ ಬಹುವಚನ ಎಂಬುದನ್ನು ಮರೆಯಬೇಡಿ.

ಕುಂಬ್ಳೆಯ ಈ ಉದಾಹರಣೆಯಲ್ಲಿ ಇನ್ನೊಂದು ತೊಡಕೂ ಇದೆ. ‘ಕುಂಬ್ಳೆ ಹ್ಯಾಸ್ ಟೇಕನ್ ದ ಮೋಸ್ಟ್ ಟೆಸ್ಟ್ ವಿಕೆಟ್ಸ್ ಫಾರ್ ಇಂಡಿಯಾ’ ಎಂಬುದನ್ನು ಪಾಸಿಟಿವ್‌ಗೆ ತರುವಾಗ ‘ನೋ ಅದರ್ ಇಂಡಿಯನ್ ಬೌಲರ್ ಹ್ಯಾಸ್ ಟೇಕನ್ ಆ್ಯಸ್ ಮೆನಿ ಟೆಸ್ಟ್ ವಿಕೆಟ್ಸ್ ಆ್ಯಸ್ ಕುಂಬ್ಳೆ’ ಎಂದು ಬರೆಯಬೇಕು. ‘ಮೆನಿ’ ಎಂಬುದರ ಜೊತೆಗೆ ‘ವಿಕೆಟ್ಸ್’ ಎಂಬ ನಾಮಪದವೂ ಎರಡು ‘ಆ್ಯಸ್’ಗಳ ನಡುವೆಯೇ ಕುಳಿತುಕೊಳ್ಳುತ್ತದೆ. ‘ಆ್ಯಸ್ ಮೆನಿ ಆ್ಯಸ್ ಕುಂಬ್ಳೆ ವಿಕೆಟ್ಸ್’ ಎಂದು ಬರೆಯುವ ಮಕ್ಕಳು ಸೂತ್ರವನ್ನು ಕಲಿತಿರುತ್ತಾರೆ, ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿರುವುದಿಲ್ಲ. ಬರೆದ ಪ್ರತಿಯೊಂದು ವಾಕ್ಯವನ್ನೂ ಒಮ್ಮೆ ಬಾಯಿಬಿಟ್ಟು ಓದಿ.

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ‘ಒನ್ ಆಫ್ ದ’ ಎಂದು ಬರುವ ವಾಕ್ಯದಲ್ಲಿ. ‘ಆಗುಂಬೆ ಈಸ್ ಒನ್ ಆಫ್ ದ ವೆಟೆಸ್ಟ್ ಪ್ಲೇಸಸ್ ಇನ್ ಕರ್ನಾಟಕ’ ಎಂಬ ವಾಕ್ಯ ಆಗುಂಬೆಯೇ ಮೊದಲನೆಯದು ಎಂದು ಹೇಳುವುದಿಲ್ಲ. ಹೆಚ್ಚು ಮಳೆ ಬೀಳುವ ಕೆಲವೇ ಊರುಗಳ ಸಾಲಿನಲ್ಲಿ ಅದೂ ಇದೆ ಎನ್ನುತ್ತದೆ. ಆದ್ದರಿಂದ ಕಂಪ್ಯಾರಟಿವ್‌ನಲ್ಲಿ ‘ಆಗುಂಬೆ ಈಸ್ ವೆಟರ್ ದ್ಯಾನ್ ಮೋಸ್ಟ್ ಅದರ್ ಪ್ಲೇಸಸ್ ಇನ್ ಕರ್ನಾಟಕ’ ಎಂದೂ ಪಾಸಿಟಿವ್‌ನಲ್ಲಿ ‘ವೆರಿ ಫ್ಯೂ ಪ್ಲೇಸಸ್ ಇನ್ ಕರ್ನಾಟಕ ಆರ್ ಆ್ಯಸ್ ವೆಟ್ ಆ್ಯಸ್ ಆಗುಂಬೆ’ ಎಂದೂ ಬರೆಯಬೇಕು. ಇಲ್ಲಿ ‘ಎನಿ ಅದರ್’ ಅಥವಾ ‘ನೋ ಅದರ್’ ಬರೆದರೆ ಆಗುಂಬೆಗೆ ಮೂಲ ವಾಕ್ಯ ಕೊಡದ ಪಟ್ಟವನ್ನು ನಾವೇ ಕಟ್ಟಿದಂತಾಗುತ್ತದೆ. ಮೂರೂ ವಾಕ್ಯಗಳಲ್ಲಿ ‘ಪ್ಲೇಸಸ್’ ಬಹುವಚನದಲ್ಲೇ ಇರುವುದನ್ನೂ ‘ವೆರಿ ಫ್ಯೂ’ ನಂತರ ‘ಆರ್’ ಬಂದಿರುವುದನ್ನೂ ಗಮನಿಸಿ. ‘ವೆರಿ ಫ್ಯೂ’ ಬದಲು ‘ಎ ಫ್ಯೂ’ ಎಂದು ಬರೆಯುವುದನ್ನು ಸಣ್ಣ ತಪ್ಪೆಂದು ತಳ್ಳಿಹಾಕಬೇಡಿ, ಅದರಿಂದ ಇಡೀ ಅರ್ಥ ಕೆಡುತ್ತದೆ.

ಕೊನೆಯದು, ಸಮಾನವಾದುದನ್ನೇ ಹೋಲಿಸುವ ನಿಯಮ. ‘ಮೈಸೂರಿನ ಹವೆ ಕಲಬುರಗಿಗಿಂತ ತಂಪು’ ಎಂಬ ಕನ್ನಡ ವಾಕ್ಯದಲ್ಲಿ ಯಾರಿಗೂ ದೋಷ ಕಾಣಿಸುವುದಿಲ್ಲ. ಇಂಗ್ಲಿಷಿನ ಪರೀಕ್ಷಕರು ಮಾತ್ರ ಹವೆಯನ್ನು ಹವೆಯ ಜೊತೆಗೇ ಹೋಲಿಸಬೇಕೆಂದು ಹಟ ಹಿಡಿಯುತ್ತಾರಾದ್ದರಿಂದ ‘ದ ಕ್ಲೈಮೇಟ್ ಆಫ್ ಮೈಸೂರು ಈಸ್ ಕೂಲರ್ ದ್ಯಾನ್ ದ್ಯಾಟ್ ಆಫ್ ಕಲಬುರಗಿ’ ಎಂದು ಬರೆಯಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳ ‘ತಪ್ಪು ಗುರುತಿಸಿ’ ಪ್ರಶ್ನೆಗಳಲ್ಲಿ ಈ ‘ದ್ಯಾಟ್ ಆಫ್’ ಮತ್ತೆ ಮತ್ತೆ ಬರುತ್ತದೆ.

ಐವತ್ತು ಪುಟಗಳ ‘ಸೂತ್ರ ಸಂಗ್ರಹ’ ಪಿಡಿಎಫ್‌ಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಅವನ್ನು ತೆರೆಯದಿದ್ದರೂ ನಷ್ಟವಿಲ್ಲ, ಏಕೆಂದರೆ ಮೇಲಿನ ಐದು ಬಗೆಗಳು ಗಟ್ಟಿಯಾದರೆ ಶಾಲಾ ಪರೀಕ್ಷೆಯಲ್ಲಿ ಕೇಳುವ ಬಹುತೇಕ ವಾಕ್ಯಗಳು ಅವುಗಳ ಒಳಗೇ ಬರುತ್ತವೆ. ಅಭ್ಯಾಸಕ್ಕೆ ವಾಕ್ಯಗಳು ಬೇಕೆಂದರೆ ಇಂಗ್ಲಿಷ್ ಪತ್ರಿಕೆಯ ಕ್ರೀಡಾ ಪುಟವನ್ನು ತೆರೆಯಿರಿ. ಹೆಚ್ಚು ರನ್, ವೇಗದ ಶತಕ, ಅತಿ ಕಿರಿಯ ಆಟಗಾರ ಎಂದು ಅಲ್ಲಿ ಪ್ರತಿ ದಿನವೂ ಹೋಲಿಕೆಯ ವಾಕ್ಯಗಳು ಸಿಗುತ್ತವೆ. ದಿನಕ್ಕೆ ಮೂರನ್ನು ಆರಿಸಿ, ಪ್ರತಿಯೊಂದನ್ನೂ ಸಾಧ್ಯವಿರುವ ಎಲ್ಲ ಡಿಗ್ರಿಗಳಲ್ಲಿ ಬರೆಯಿರಿ.

ಐದನೆಯ ಹಂತದಲ್ಲಿ ಇದೇ ಪೆನ್ಸಿಲ್ ಗುರುತನ್ನು ಪ್ಯಾಸೇಜಿಗೆ ಒಯ್ಯಬೇಕು. ಒಂದು ಗದ್ಯಭಾಗದಲ್ಲಿ ಹೀಗಿದೆ ಎಂದುಕೊಳ್ಳಿ: ‘ದ ಕಾವೇರಿ ಈಸ್ ನಾಟ್ ಆ್ಯಸ್ ಲಾಂಗ್ ಆ್ಯಸ್ ದ ಕೃಷ್ಣಾ. ದ ಕೃಷ್ಣಾ, ಇನ್ ಟರ್ನ್, ಈಸ್ ಶಾರ್ಟರ್ ದ್ಯಾನ್ ದ ಗೋದಾವರಿ.’ ಮೂರರಲ್ಲಿ ಅತಿ ಉದ್ದದ ನದಿ ಯಾವುದು ಎಂಬುದು ಪ್ರಶ್ನೆ. ‘ಲಾಂಗೆಸ್ಟ್’ ಎಂಬ ಪದ ಗದ್ಯದಲ್ಲಿ ಎಲ್ಲಿಯೂ ಇಲ್ಲ. ಪ್ರಶ್ನೆಯಲ್ಲಿರುವ ಪದವನ್ನೇ ಗದ್ಯದಲ್ಲಿ ಹುಡುಕಿ ಆ ಸಾಲನ್ನು ನಕಲು ಮಾಡುವ ಅಡ್ಡದಾರಿಯನ್ನು ಅನೇಕ ಕಡೆ ಹೇಳಿಕೊಡುತ್ತಾರೆ. ಆ ದಾರಿ ಹಿಡಿದವರು ‘ಲಾಂಗ್’ ಎಂಬುದು ಕಂಡ ಮೊದಲ ಸಾಲಿಗೆ ಹೋಗಿ ಕಾವೇರಿ ಎಂದೋ ಕೃಷ್ಣಾ ಎಂದೋ ಬರೆಯುತ್ತಾರೆ. ಮುಂದಿರುವುದಕ್ಕೆ ಗುರುತು ಹಾಕುತ್ತ ಹೋದವರಿಗೆ ಮೊದಲ ವಾಕ್ಯದಲ್ಲಿ ಕೃಷ್ಣೆಯ ಮೇಲೆ, ಎರಡನೆಯದರಲ್ಲಿ ಗೋದಾವರಿಯ ಮೇಲೆ ಗುರುತು ಬಿದ್ದು ಉತ್ತರ ತಾನಾಗಿಯೇ ಹೊರಬರುತ್ತದೆ. ‘ಲೆಸ್’, ‘ಶಾರ್ಟರ್’, ‘ನಾಟ್ ಆ್ಯಸ್’ ಎಂಬ ಪದಗಳು ಕಂಡಲ್ಲೆಲ್ಲ ಒಂದು ಕ್ಷಣ ನಿಂತು ಮುಂದೆ ಹೋಗಿ.

ಓದುವ ಕ್ರಮದ ಬಗ್ಗೆ ನನ್ನ ಸಲಹೆ ಖಚಿತವಾಗಿದೆ: ಮೊದಲು ಪ್ರಶ್ನೆಗಳನ್ನು ಓದಿ, ಬಳಿಕ ಗದ್ಯವನ್ನು ಎಲ್ಲಿಯೂ ನಿಲ್ಲದೆ ಒಮ್ಮೆ ಪೂರ್ತಿಯಾಗಿ ಓದಿ, ಎರಡನೆಯ ಓದಿನಲ್ಲಿ ಮಾತ್ರ ಪೆನ್ಸಿಲ್ ಹಿಡಿಯಿರಿ. ಪ್ರತಿಯೊಂದು ಪದದ ಮೇಲೂ ಕನ್ನಡ ಅರ್ಥ ಬರೆಯುತ್ತ ಹೋಗುವ ಅಭ್ಯಾಸವನ್ನು ಬಿಡಲೇಬೇಕು. ತಿಳಿಯದ ಒಂದು ಪದಕ್ಕೆ ಅಂಟಿಕೊಂಡವರು ತಿಳಿಯುವ ಉಳಿದ ಸಾಲುಗಳನ್ನೂ ಕಳೆದುಕೊಳ್ಳುತ್ತಾರೆ. ಅಂಥ ಪದದ ಹಿಂದಿನ ಮತ್ತು ಮುಂದಿನ ವಾಕ್ಯವನ್ನು ಓದಿದರೆ ಪರೀಕ್ಷೆಗೆ ಬೇಕಾಗುವಷ್ಟು ಅರ್ಥ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಅರ್ಥಕೋಶವನ್ನು ಉತ್ತರ ಬರೆದಾದ ಮೇಲೆ ತೆರೆಯಿರಿ.

ಉತ್ತರ ಬರೆಯುವಾಗ ಎರಡು ಕಡೆ ಎಚ್ಚರ ಬೇಕು. ‘ವೈ ಡಿಡ್ ದ ಫಾರ್ಮರ್ ಸೆಲ್ ಹಿಸ್ ಲ್ಯಾಂಡ್?’ ಎಂಬ ಪ್ರಶ್ನೆಗೆ ‘ದ ಫಾರ್ಮರ್ ಡಿಡ್ ಸೆಲ್’ ಎಂದು ಆರಂಭಿಸದೆ ‘ದ ಫಾರ್ಮರ್ ಸೋಲ್ಡ್ ಹಿಸ್ ಲ್ಯಾಂಡ್ ಬಿಕಾಸ್’ ಎಂದು ಆರಂಭಿಸಬೇಕು. ‘ಡಿಡ್’ ಹೊತ್ತಿದ್ದ ಭೂತಕಾಲ ಈಗ ಕ್ರಿಯಾಪದಕ್ಕೇ ಸೇರಬೇಕು. ಗದ್ಯವು ‘ಐ’ ಎಂದು ಉತ್ತಮ ಪುರುಷದಲ್ಲಿದ್ದರೆ ಉತ್ತರದಲ್ಲಿ ಅದನ್ನು ‘ದ ರೈಟರ್’ ಎಂದು ಬದಲಿಸಿ, ಅದಕ್ಕೆ ತಕ್ಕಂತೆ ‘ಮೈ’ ಎಂಬುದನ್ನು ‘ಹಿಸ್’ ಅಥವಾ ‘ಹರ್’ ಮಾಡಿ. ಎರಡು ಅಂಕದ ಪ್ರಶ್ನೆಗೆ ಎರಡು ಅಂಶಗಳು ಬೇಕು ಎಂದು ತಿಳಿದು ಗದ್ಯದಲ್ಲಿ ಎರಡನ್ನೂ ಹುಡುಕಿ. ಒಂದನ್ನೇ ಎರಡು ಬಾರಿ ಬರೆದರೆ ಒಂದೇ ಅಂಕ ಸಿಗುತ್ತದೆ.

ಬ್ಯಾಂಕ್ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರಿಗೆ ಇದೇ ಕ್ರಮ ಸಾಕು, ಗಡಿಯಾರ ಮಾತ್ರ ಬಿಗಿಯಾಗಿರುತ್ತದೆ. ಬ್ಯಾಂಕ್ ಸಿಬ್ಬಂದಿಯ ಆಯ್ಕೆ ಸಂಸ್ಥೆಯಾದ ಐಬಿಪಿಎಸ್ ನಡೆಸುವ ಪರೀಕ್ಷೆಗಳಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರಾದ್ದರಿಂದ, ‘ಮೋಸ್ಟ್’, ‘ಓನ್ಲಿ’, ‘ಆಲ್ವೇಸ್’ನಂಥ ಪದಗಳಿರುವ ಆಯ್ಕೆಗಳನ್ನು ಗದ್ಯದ ಸಾಲಿನ ಜೊತೆ ಹೋಲಿಸಿ ನೋಡದೆ ಒತ್ತಬಾರದು. ಗದ್ಯ ‘ಒನ್ ಆಫ್ ದ’ ಎಂದಿದ್ದು ಆಯ್ಕೆ ‘ದ ಮೋಸ್ಟ್’ ಎಂದಿದ್ದರೆ ಆ ಆಯ್ಕೆ ಬಲೆಯೇ ಸರಿ.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಆ ಸಮಯದಲ್ಲಿ ಪ್ರಬಂಧದ ವಿಷಯವನ್ನು ಯೋಚಿಸುತ್ತ ಕೂರುವ ಬದಲು ಪ್ಯಾಸೇಜಿನ ಮೊದಲ ಓದನ್ನು ಮುಗಿಸಿಬಿಡಿ. ಬರೆಯಲು ಅನುಮತಿ ಸಿಕ್ಕಾಗ ಎರಡನೆಯ ಓದು ಮತ್ತು ಗುರುತು ಹಾಕುವುದಷ್ಟೇ ಉಳಿದಿರುತ್ತದೆ. ಪತ್ರ ಮತ್ತು ಪ್ರಬಂಧವನ್ನು ಕೈಗೆತ್ತಿಕೊಳ್ಳುವ ಮೊದಲೇ ಪ್ಯಾಸೇಜಿನ ಉತ್ತರಗಳನ್ನು ಬರೆದು, ಗದ್ಯದಲ್ಲಿ ಬಂದಿರುವ ಹೆಸರುಗಳ ಸ್ಪೆಲಿಂಗನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ.