ಸಾಂತಾಕ್ರೂಜ್ ಬೆಟ್ಟಗಳಲ್ಲಿ ಪ್ಯೂಮಾದ ಜಾಡು ಹಿಡಿದು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರಕ್ಕೂ ಪೆಸಿಫಿಕ್ ಸಾಗರಕ್ಕೂ ನಡುವೆ ಚಾಚಿಕೊಂಡಿರುವ ಸಾಂತಾಕ್ರೂಜ್ ಬೆಟ್ಟಸಾಲಿನಲ್ಲಿ, ನಮಗೆ ಪರಿಚಯದ ವೃದ್ಧ ದಂಪತಿಗೆ ಸೇರಿದ ನಲವತ್ತು ಎಕರೆ ಕಾಡುಜಮೀನಿದೆ. ಅವರ ಒಪ್ಪಿಗೆ ಪಡೆದು ಆರು ವರ್ಷಗಳಿಂದ ನಾನು ಅಲ್ಲಿ ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಆ ಬೆಟ್ಟಗಳಲ್ಲಿ ಓಡಾಡುವ, ಬೆಕ್ಕಿನ ಕುಟುಂಬದ ದೊಡ್ಡ ಬೇಟೆಪ್ರಾಣಿಗಳಾದ ಪ್ಯೂಮಾಗಳನ್ನು ಗಮನಿಸುತ್ತ ಬಂದಿದ್ದೇನೆ. ಇಷ್ಟು ಕಾಲದಲ್ಲಿ ಕ್ಯಾಮೆರಾಕ್ಕೆ ಪ್ಯೂಮಾ ಎಪ್ಪತ್ತಕ್ಕೂ ಹೆಚ್ಚು ಸಲ ಸಿಕ್ಕಿದೆ; ನನ್ನ ಕಣ್ಣಿಗೆ ಬಿದ್ದದ್ದು ಎರಡೇ ಸಲ. ಮೊದಲ ಸಲ ಬೆಳಗಿನ ಜಾವ ರಸ್ತೆ ದಾಟಿದ ಒಂದು ಉದ್ದ ಬಾಲ ಕಂಡಿತು, ಅಷ್ಟೆ. ಎರಡನೆಯ ಸಲದ ಭೇಟಿಗೆ ನನ್ನ ತಪ್ಪೇ ಕಾರಣವಾಗಿತ್ತು, ಮತ್ತು ಈ ಬರಹ ಮುಖ್ಯವಾಗಿ ಆ ತಪ್ಪಿನ ಬಗ್ಗೆಯೇ ಇದೆ.

ಇಲ್ಲಿಯವರು ಈ ಪ್ರಾಣಿಯನ್ನು ಮೌಂಟನ್ ಲಯನ್ ಎನ್ನುತ್ತಾರೆ. ಕೂಗರ್, ಪ್ಯಾಂಥರ್, ಪ್ಯೂಮಾ ಎಂಬ ಹೆಸರುಗಳೂ ಇದರವೇ. ಉತ್ತರದಲ್ಲಿ ಕೆನಡಾದ ಯೂಕಾನ್‌ನಿಂದ ದಕ್ಷಿಣದಲ್ಲಿ ಪ್ಯಾಟಗೋನಿಯಾದವರೆಗೆ ಹರಡಿರುವ ಪ್ರಾಣಿಗೆ ಊರಿಗೊಂದು ಹೆಸರಿರುವುದು ಸಹಜ. ಹೆಸರಿನಲ್ಲಿ ಸಿಂಹವಿದ್ದರೂ ಇದು ಸಿಂಹದ ಹತ್ತಿರದ ನೆಂಟನಲ್ಲ. ವಂಶದಲ್ಲಿ ಚೀತಾಕ್ಕೆ ಹೆಚ್ಚು ಸಮೀಪ. ಇದಕ್ಕೆ ಘರ್ಜಿಸಲು ಬರುವುದಿಲ್ಲ. ಮನೆಯ ಬೆಕ್ಕಿನಂತೆ ಗುರುಗುಟ್ಟುತ್ತದೆ, ತಾಯಿ ಮತ್ತು ಮರಿಗಳು ಹಕ್ಕಿಯಂತೆ ಚಿಲಿಗುಟ್ಟಿ ಒಂದನ್ನೊಂದು ಕರೆಯುತ್ತವೆ, ಬೆದೆಗೆ ಬಂದ ಹೆಣ್ಣು ರಾತ್ರಿ ಎದೆ ನಡುಗುವಂತೆ ಚೀರುತ್ತದೆ. ಆ ಚೀರಾಟವನ್ನು ಮೊದಲ ಸಲ ರೆಕಾರ್ಡಿಂಗಿನಲ್ಲಿ ಕೇಳಿದಾಗ ಯಾರೋ ಹೆಂಗಸು ಅಪಾಯದಲ್ಲಿದ್ದಾಳೆಂದೇ ನಾನು ತಿಳಿದೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಮಳೆಗಾಲದ ರಾತ್ರಿ ಅಂಗಳದ ನಾಯಿ ಕಾಣೆಯಾದರೆ ಕುರ್ಕ, ಎಂದರೆ ಚಿರತೆ, ಹೊತ್ತುಕೊಂಡು ಹೋಯಿತೆಂದು ಹಿರಿಯರು ಹೇಳುತ್ತಿದ್ದರು, ಮರುದಿನ ಅಜ್ಜಯ್ಯ ನನ್ನನ್ನು ಕರೆದುಕೊಂಡು ಹೋಗಿ ತೋಟದ ಬಸಿಗಾಲುವೆಯ ಕೆಸರಿನಲ್ಲಿ ಮೂಡಿದ ಹೆಜ್ಜೆ ತೋರಿಸುತ್ತಿದ್ದರು. ಉಗುರು ಮೂಡಿದ್ದರೆ ನಾಯಿ, ಮೂಡದಿದ್ದರೆ ಚಿರತೆ ಎಂದು ಅವರು ಕಲಿಸಿದ ಪಾಠವೇ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದ ಈ ಕಾಡಿನಲ್ಲಿಯೂ ನನಗೆ ಕೆಲಸಕ್ಕೆ ಬಂದಿತು. ಪ್ಯೂಮಾ ನಡೆಯುವಾಗ ಉಗುರುಗಳನ್ನು ಒಳಗೆ ಎಳೆದುಕೊಂಡಿರುತ್ತದೆ. ಹೆಜ್ಜೆ ಸುಮಾರು ಮೂರರಿಂದ ಮೂರೂವರೆ ಅಂಗುಲ ಅಗಲವಿರುತ್ತದೆ, ಪಾದದ ಹಿಂಬದಿಯ ಮೆತ್ತೆಯ ಕೆಳ ಅಂಚಿನಲ್ಲಿ ಮೂರು ಉಬ್ಬುಗಳು ಸ್ಪಷ್ಟವಾಗಿ ಕಾಣುತ್ತವೆ, ಮತ್ತು ನಮ್ಮ ಕೈಯ ಮಧ್ಯದ ಬೆರಳಿನಂತೆ ಒಂದು ಬೆರಳು ಉಳಿದವುಗಳಿಗಿಂತ ಮುಂದೆ ಚಾಚಿರುತ್ತದೆ. ನಾಯಿಯ ಹೆಜ್ಜೆಯನ್ನು ನಡುವೆ ಗೆರೆ ಎಳೆದು ಸಮನಾಗಿ ಮಡಚಬಹುದು. ಪ್ಯೂಮಾದ್ದನ್ನು ಹಾಗೆ ಮಡಚಲಾಗದು. ಇಲ್ಲಿನ ಬಹುತೇಕರು ಪ್ಯೂಮಾ ಕಂಡೆವೆಂದು ಹೇಳುವುದು ಬಾಬ್‌ಕ್ಯಾಟ್ ಎಂಬ ಚಿಕ್ಕ ಕಾಡುಬೆಕ್ಕನ್ನು ನೋಡಿ. ಬಾಲ ನೋಡಿದರೆ ಸಾಕು, ಅನುಮಾನ ಪರಿಹಾರವಾಗುತ್ತದೆ: ಬಾಬ್‌ಕ್ಯಾಟಿನದು ಮೋಟು, ಪ್ಯೂಮಾದ್ದು ಒಟ್ಟು ಉದ್ದದ ಮೂರನೆಯ ಒಂದು ಪಾಲಿನಷ್ಟಿದ್ದು ತುದಿ ಕಪ್ಪಾಗಿರುತ್ತದೆ.

ಹೆಜ್ಜೆಗಿಂತಲೂ ಉಪಯುಕ್ತವಾದ ಇನ್ನೊಂದು ಗುರುತಿದೆ, ಅದನ್ನು ಗುರುತಿಸಲು ನನಗೆ ಒಂದು ವರ್ಷ ಬೇಕಾಯಿತು. ಗಂಡು ಪ್ಯೂಮಾ ದಿಣ್ಣೆಯ ಮೇಲೆ, ಕಾಲುದಾರಿಗಳು ಕೂಡುವಲ್ಲಿ, ದೊಡ್ಡ ಮರದ ಬುಡದಲ್ಲಿ ಹಿಂಗಾಲುಗಳಿಂದ ನೆಲ ಕೆರೆದು, ಎರಡು ಸಮಾನಾಂತರ ತಗ್ಗು ಮಾಡಿ, ಅವುಗಳ ಹಿಂದೆ ತರಗೆಲೆಯ ಪುಟ್ಟ ಗುಡ್ಡೆ ಬಿಡುತ್ತದೆ, ಅದರ ಮೇಲೆ ಮೂತ್ರ ಮಾಡುತ್ತದೆ. ಇದು ತನ್ನ ನೆಲೆಯನ್ನು ಸಾರುವ ವಿಧಾನ. ಒಮ್ಮೆ ಆಯ್ದುಕೊಂಡ ಜಾಗಕ್ಕೆ ಅದು ಮತ್ತೆ ಮತ್ತೆ ಬರುತ್ತದೆ, ಹೆಣ್ಣುಗಳೂ ಬಂದು ಮೂಸಿ ಹೋಗುತ್ತವೆ. ರೆಡ್‌ವುಡ್ ಮರವೊಂದರ ಬುಡದಲ್ಲಿ ಅಂಥದೊಂದು ಜಾಗ ಸಿಕ್ಕ ಮೇಲೆಯೇ ನನ್ನ ಕ್ಯಾಮೆರಾ ಕೆಲಸಕ್ಕೆ ಒಂದು ಕ್ರಮ ಬಂದದ್ದು. ಅಲ್ಲಿಯವರೆಗೆ ಕಂಡ ಕಂಡ ಮರಕ್ಕೆ ಕಟ್ಟಿ, ಗಾಳಿಗೆ ಆಡುವ ಹುಲ್ಲಿನ ಸಾವಿರಾರು ಚಿತ್ರಗಳನ್ನು ನೋಡಿ ಸುಸ್ತಾಗಿದ್ದೆ.

ಕ್ಯಾಮೆರಾ ಕಟ್ಟುವ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎತ್ತರ ಮೊಣಕಾಲಿನಷ್ಟು, ಎಂದರೆ ನೆಲದಿಂದ ಸುಮಾರು 50 ಸೆಂಟಿಮೀಟರ್ ಇರಬೇಕು. ಎದೆಯ ಮಟ್ಟಕ್ಕೆ ಕಟ್ಟಿದರೆ ಪ್ರಾಣಿಯ ಬೆನ್ನಷ್ಟೇ ಸಿಗುತ್ತದೆ, ಮರಿಗಳಂತೂ ಸಿಗುವುದೇ ಇಲ್ಲ. ಮಸೂರ ಉತ್ತರಕ್ಕೆ ಮುಖ ಮಾಡಿದ್ದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ನೇರವಾಗಿ ಹೊಡೆಯುವುದಿಲ್ಲ. ದಾರಿಗೆ ಅಡ್ಡಲಾಗಿ ಕಟ್ಟಿದರೆ ಸಂವೇದಕ ಎಚ್ಚರಗೊಳ್ಳುವಷ್ಟರಲ್ಲಿ ಪ್ರಾಣಿ ದಾಟಿಹೋಗಿರುತ್ತದೆ, ಆದ್ದರಿಂದ ದಾರಿಯ ಉದ್ದಕ್ಕೂ ಓರೆಯಾಗಿ ನೋಡುವಂತೆ ಕಟ್ಟಬೇಕು. ಮುಂದಿನ ಎರಡು ಮೂರು ಮೀಟರ್ ಹುಲ್ಲನ್ನು ಕತ್ತರಿಸಿಬಿಡಬೇಕು. ಕೆಂಪು ಬೆಳಕು ಕಾಣದ ಇನ್‌ಫ್ರಾರೆಡ್ ಕ್ಯಾಮೆರಾ, ಲಿಥಿಯಂ ಬ್ಯಾಟರಿ, 20 ಸೆಕೆಂಡಿನ ವಿಡಿಯೋ, ಇಷ್ಟಿದ್ದರೆ ಎರಡು ತಿಂಗಳು ಆ ಕಡೆ ತಲೆ ಹಾಕಬೇಕಾಗಿಲ್ಲ. ಮಾಂಸ, ವಾಸನೆಯ ದ್ರವ ಯಾವುದನ್ನೂ ಇಡಬಾರದು. ಕಾಡುಪ್ರಾಣಿಯನ್ನು ಆಮಿಷ ತೋರಿಸಿ ಮನುಷ್ಯ ಓಡಾಡುವಲ್ಲಿಗೆ ಕರೆಯುವುದು ಅದಕ್ಕೆ ನಾವು ಮಾಡುವ ದ್ರೋಹ. ಸಾರ್ವಜನಿಕ ಸಂರಕ್ಷಿತ ಜಾಗಗಳಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ಕಟ್ಟುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಈ ವಿಡಿಯೋಗಳಿಂದ ನಾನು ತಿಳಿದದ್ದೇನೆಂದರೆ, ನಾವು ಮತ್ತು ಪ್ಯೂಮಾ ಒಂದೇ ದಾರಿಯನ್ನು ಬೇರೆ ಬೇರೆ ವೇಳೆಯಲ್ಲಿ ಬಳಸುತ್ತೇವೆ. ಮಧ್ಯಾಹ್ನ ನನ್ನ ಬೂಟು ಕಂಡ ಚೌಕಟ್ಟಿನಲ್ಲಿಯೇ ಅದೇ ರಾತ್ರಿ ಅದರ ಪಾದ ಕಾಣುತ್ತದೆ. ಮೂರು ನಾಲ್ಕು ವಾರ ಒಂದೂ ಬಾರದೆ ಇರುವುದುಂಟು. ದೊಡ್ಡ ಗಂಡಿನ ಸಂಚಾರದ ವ್ಯಾಪ್ತಿ ನೂರಾರು ಚದರ ಕಿಲೋಮೀಟರ್ ಇರುವಾಗ ನಮ್ಮ ನಲವತ್ತು ಎಕರೆ ಅದಕ್ಕೆ ದಾರಿಯಲ್ಲಿ ಸಿಗುವ ಒಂದು ತಿರುವು ಮಾತ್ರ. ಎಡಗಿವಿಯ ತುದಿ ಹರಿದಿದ್ದ ಒಂದು ಹೆಣ್ಣನ್ನು ಮಾತ್ರ ನಾನು ನಾಲ್ಕು ವರ್ಷ ಸತತವಾಗಿ ಗುರುತಿಸಬಲ್ಲವನಾದೆ.

ಪ್ಯೂಮಾದ ಮುಖ್ಯ ಆಹಾರ ಜಿಂಕೆ. ಸರಾಸರಿ ವಾರಕ್ಕೊಂದು ಬೇಟೆಯಾಡುತ್ತದೆ. ಕೊಂದ ಜಿಂಕೆಯನ್ನು ಮರೆಯಾದ ಜಾಗಕ್ಕೆ ಎಳೆದೊಯ್ದು, ಪಕ್ಕೆಲುಬಿನ ಹಿಂದೆ ಬಗೆದು, ಹೃದಯ, ಶ್ವಾಸಕೋಶ, ಪಿತ್ತಜನಕಾಂಗಗಳನ್ನು ಮೊದಲು ತಿನ್ನುತ್ತದೆ. ಹೊಟ್ಟೆ ತುಂಬಿದ ಮೇಲೆ ಉಳಿದುದನ್ನು ತರಗೆಲೆ, ಮಣ್ಣು, ಕಡ್ಡಿಗಳಿಂದ ಮುಚ್ಚಿ, ಹತ್ತಿರದಲ್ಲಿಯೇ ಮಲಗಿ, ಮೂರು ನಾಲ್ಕು ದಿನ ಬಂದು ಬಂದು ತಿನ್ನುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷದ ಹಿಂದೆ ನವೆಂಬರಿನ ಒಂದು ಸಂಜೆ ನಾನು ಹಾಗೆ ನಡೆದುಕೊಂಡೆ.

ಇಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮರುವಾರ ಅದು. ಐದು ಗಂಟೆಗೇ ಕತ್ತಲಾಗುತ್ತದೆ ಎಂಬುದಕ್ಕೆ ಮೈ ಇನ್ನೂ ಒಗ್ಗಿರಲಿಲ್ಲ. ಕೆಳಗಿನ ಹಳ್ಳದ ಕ್ಯಾಮೆರಾದ ಕಾರ್ಡ್ ಬದಲಿಸಿ ಒಬ್ಬನೇ ಏರು ಹತ್ತಿ ಬರುತ್ತಿದ್ದೆ. ದಾರಿಗೆ ಅಡ್ಡಲಾಗಿ ತರಗೆಲೆಗಳನ್ನು ಬದಿಗೆ ಸರಿಸಿದಂತೆ ಒಂದು ಎಳೆದ ಗುರುತು ಕಂಡಿತು. ಅದರಲ್ಲಿ ಅಲ್ಲಲ್ಲಿ ಜಿಂಕೆಯ ಬೂದು ಕೂದಲು ಗೊಂಚಲಾಗಿ ಬಿದ್ದಿತ್ತು. ಅಲ್ಲಿಗೇ ನಿಂತು ಬಂದ ದಾರಿಯಲ್ಲಿ ಹಿಂದಿರುಗಬೇಕಿತ್ತು. ಕುತೂಹಲ ತಡೆಯದೆ ಹತ್ತು ಹೆಜ್ಜೆ ಒಳಗೆ ಹೋದೆ. ಟ್ಯಾನ್‌ಓಕ್ ಮರದ ಕೆಳಗೆ ತರಗೆಲೆಯ ಗುಡ್ಡೆಯೊಂದಿತ್ತು, ಅದರಿಂದ ಒಂದು ಗೊರಸು ಹೊರಗೆ ಚಾಚಿತ್ತು. ಸರಿಯಾಗಿ ನೋಡಲೆಂದು ಬಗ್ಗಿದೆ. ಗೊರಸಿನ ಮೇಲಿನ ತೇವ ಇನ್ನೂ ಆರಿರಲಿಲ್ಲ.

ತಲೆ ಎತ್ತಿದಾಗ ಮೇಲಿನ ಇಳಿಜಾರಿನಲ್ಲಿ, ಹದಿನೈದು ಮೀಟರಿಗಿಂತ ಹೆಚ್ಚಿಲ್ಲದ ದೂರದಲ್ಲಿ, ಒಣಗಿದ ಜರೀಗಿಡಗಳ ನಡುವೆ ಅದರ ಮುಖವಿತ್ತು. ಮೈ ನೆಲಕ್ಕೆ ಅಂಟಿತ್ತು. ಅದು ಎಷ್ಟು ಹೊತ್ತಿನಿಂದ ನನ್ನನ್ನು ನೋಡುತ್ತಿತ್ತೋ ತಿಳಿಯದು. ಮೂತಿಯ ಎರಡೂ ಬದಿಯ ಕಪ್ಪು ಪಟ್ಟೆ, ಅದರ ನಡುವಿನ ಬಿಳಿ, ಹರಿದ ಎಡಗಿವಿ, ಎಲ್ಲವೂ ನನಗೆ ಕಂಡವು. ಕಿವಿಗಳು ನೆಟ್ಟಗಿದ್ದವು, ನಾನು ನೋಡುತ್ತಿದ್ದಂತೆಯೇ ಹಿಂದಕ್ಕೆ ಮಡಚಿಕೊಂಡವು, ಹಲ್ಲು ಕಾಣುವಂತೆ ಬಾಯಿ ತೆರೆದು ಬುಸ್ಸೆಂದಿತು. ನನ್ನ ಕಾಲು ಓಡಲು ಸಿದ್ಧವಾಗಿಬಿಟ್ಟಿತ್ತು. ಓಡುವ ಜೀವವನ್ನು ಅಟ್ಟುವುದು ಬೆಕ್ಕಿನ ಹುಟ್ಟುಗುಣ ಎಂದು ಓದಿದ್ದು ಆ ಗಳಿಗೆಯಲ್ಲಿ ನೆನಪಾಯಿತೆಂದು ನಾನು ಹೇಳಲಾರೆ. ಕ್ಯಾಮೆರಾ ಕಟ್ಟಲು ಹೋಗುವಾಗಲೆಲ್ಲ ಮಗಳಿಗೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತುಗಳೇ ನನ್ನನ್ನು ತಡೆದವು. ಮೆಲ್ಲಗೆ ನೆಟ್ಟಗೆ ನಿಂತೆ. ಜಾಕೆಟ್ಟಿನ ಎರಡೂ ಅಂಚು ಹಿಡಿದು ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದೆ. ಕಣ್ಣು ಕೀಳದೆ ಗಟ್ಟಿ ದನಿಯಲ್ಲಿ, “ಹೋಗ್ತಾ ಇದೀನಿ, ನಿಂದೇ ಅದು, ನಾನು ಹೋಗ್ತಾ ಇದೀನಿ” ಎಂದು ಹೇಳುತ್ತ ಒಂದೊಂದೇ ಹೆಜ್ಜೆ ಹಿಂದಿಟ್ಟೆ. ನಲವತ್ತು ಹೆಜ್ಜೆಯಾಗುವವರೆಗೆ ಅದು ಕದಲಲಿಲ್ಲ. ದಾರಿ ತಿರುಗಿ ಮರಗಳು ಅಡ್ಡ ಬಂದ ಮೇಲೂ ನಾನು ಮಾತು ನಿಲ್ಲಿಸಲಿಲ್ಲ.

ಜಮೀನಿನ ಒಡೆಯರಿಗೆ ತಿಳಿಸಿ, ಒಂದು ವಾರ ಆ ಇಳಿಜಾರಿನ ಕಡೆ ಯಾರೂ ಸುಳಿಯದಂತೆ ನೋಡಿಕೊಂಡೆವು. ಆಮೇಲೆ ದಿಣ್ಣೆಯ ಕ್ಯಾಮೆರಾದ ಕಾರ್ಡ್ ತೆಗೆದು ನೋಡಿದಾಗ ಅಂದಿನ ಸಂಜೆ 6:52ರ ವಿಡಿಯೋ ಇತ್ತು. ಹರಿದ ಕಿವಿಯ ತಾಯಿ ಮುಂದೆ, ಮೈಮೇಲಿನ ಮಚ್ಚೆಗಳು ಇನ್ನೂ ಪೂರ್ತಿ ಮಾಸದ ಎರಡು ಮರಿಗಳು ಹಿಂದೆ. ನಾನು ಅವಳ ಊಟಕ್ಕೆ ಮಾತ್ರ ಅಡ್ಡ ಬಂದಿದ್ದೆನೆಂದು ಅಲ್ಲಿಯವರೆಗೆ ತಿಳಿದಿದ್ದೆ. 2020ರ ಅಕ್ಟೋಬರಿನಲ್ಲಿ ಯೂಟಾ ರಾಜ್ಯದಲ್ಲಿ ಒಬ್ಬರನ್ನು ತಾಯಿ ಪ್ಯೂಮಾ ಸುಮಾರು ಆರು ನಿಮಿಷ ಹಿಂಬಾಲಿಸಿ, ಮತ್ತೆ ಮತ್ತೆ ನುಗ್ಗಿ ಬಂದು, ಕೊನೆಗೆ ಮುಟ್ಟದೆ ಹಿಂದಿರುಗಿದ ದೃಶ್ಯವನ್ನು ಅನೇಕರು ನೋಡಿರಬಹುದು. ಅದನ್ನು ಬೇಟೆಯ ಪ್ರಯತ್ನವೆಂದು ಹಂಚಿಕೊಂಡವರೇ ಹೆಚ್ಚು. ಬೇಟೆಯಾಡುವ ಪ್ಯೂಮಾ ತನ್ನನ್ನು ತೋರಿಸಿಕೊಳ್ಳುವುದಿಲ್ಲ, ಸದ್ದು ಮಾಡುವುದಿಲ್ಲ. ಹಲ್ಲು ತೋರಿಸಿ ಬುಸುಗುಟ್ಟುವ ತಾಯಿ ಮರಿಗಳಿಂದ ದೂರ ಹೋಗೆಂದು ನಮಗೆ ಹೇಳುತ್ತಿರುತ್ತಾಳೆ.

ಮಾತನಾಡುತ್ತ ನಡೆಯುವುದು ಈಗ ನನ್ನ ನಿಯಮ. ಸಾಂತಾಕ್ರೂಜಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಬೆಟ್ಟಗಳಲ್ಲಿ 2008ರಿಂದ ಪ್ಯೂಮಾಗಳಿಗೆ ಜಿಪಿಎಸ್ ಪಟ್ಟಿ ತೊಡಿಸಿ ಅಧ್ಯಯನ ಮಾಡುತ್ತಿದ್ದಾರೆ. ಅವರು ಬೇಟೆಯ ಬಳಿ ಸ್ಪೀಕರ್ ಇಟ್ಟು, ಒಮ್ಮೆ ಕಪ್ಪೆಗಳ ದನಿಯನ್ನೂ ಒಮ್ಮೆ ಮನುಷ್ಯರ ಮಾತನ್ನೂ ಕೇಳಿಸಿದರು. ಕಪ್ಪೆಗಳ ದನಿಗೆ ಪ್ಯೂಮಾಗಳು ಬಹುಮಟ್ಟಿಗೆ ತಲೆಕೆಡಿಸಿಕೊಳ್ಳಲಿಲ್ಲ. ಮನುಷ್ಯರ ಮಾತು ಕೇಳಿದೊಡನೆ ಹೆಚ್ಚಿನವು ಊಟ ಬಿಟ್ಟು ಓಡಿದವು, ಆ ಬೇಟೆಯ ಬಳಿ ಅವು ತಿನ್ನುತ್ತ ಕಳೆದ ಸಮಯ ಅರ್ಧಕ್ಕಿಂತಲೂ ಕಡಿಮೆಯಾಯಿತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗ ನನಗೆ ಧೈರ್ಯವೂ ಬಂತು, ಬೇಸರವೂ ಆಯಿತು. ನಮ್ಮ ಹರಟೆಗೆ ಹೆದರಿ ಊಟ ಬಿಟ್ಟುಹೋದರೆ ಅದು ಇನ್ನೊಂದು ಜಿಂಕೆಯನ್ನು ಕೊಲ್ಲಬೇಕಾಗಬಹುದು. ಆದ್ದರಿಂದ ದಾರಿಯಲ್ಲಿ ನಡೆಯುವಾಗ ಮಾತನಾಡುತ್ತೇನೆ, ದಾರಿ ಬಿಟ್ಟು ಒಳಗೆ ಹೋಗುವುದನ್ನು ಆದಷ್ಟು ನಿಲ್ಲಿಸಿದ್ದೇನೆ.

ಒಂಬತ್ತು ವರ್ಷದ ಮಗಳು ಜೊತೆಗಿದ್ದಾಗ ಅವಳು ನನ್ನ ಮುಂದೆ, ಕೈಗೆಟುಕುವಷ್ಟು ದೂರದಲ್ಲಿ ನಡೆಯಬೇಕು. ಅಪ್ಪ ಕೈ ಎತ್ತಿದರೆ ಓಡದೆ ಬಂದು ನನಗೆ ಒತ್ತಿ ನಿಲ್ಲಬೇಕು. ಅವಳನ್ನು ಎತ್ತಿಕೊಳ್ಳಬೇಕಾಗಿ ಬಂದರೆ ಬೆನ್ನು ಬಗ್ಗಿಸದೆ, ಕಣ್ಣನ್ನು ಪ್ರಾಣಿಯ ಮೇಲೆಯೇ ಇಟ್ಟು ಎತ್ತಿಕೊಳ್ಳುವುದನ್ನು ಮನೆಯ ಹಿತ್ತಿಲಲ್ಲಿ ಅಭ್ಯಾಸ ಮಾಡಿದ್ದೇವೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಕಾರಿನ ಬಳಿ ಇರುತ್ತೇವೆ. ಪ್ಯೂಮಾ ಮೇಲೆ ಬಿದ್ದರೆ ಸತ್ತಂತೆ ಮಲಗಬಾರದು, ಕುತ್ತಿಗೆ ಕಾಪಾಡಿಕೊಂಡು ಕಲ್ಲೋ ಕೋಲೋ ಸಿಕ್ಕಿದ್ದರಿಂದ ಹೊಡೆದಾಡಬೇಕು ಎಂಬುದನ್ನೂ ಅವಳಿಂದ ಮುಚ್ಚಿಟ್ಟಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಇಬ್ಬರು, 2004ರಲ್ಲಿ ಒಬ್ಬರು, ಅದಾದ ಇಪ್ಪತ್ತು ವರ್ಷಗಳ ಬಳಿಕ 2024ರ ಮಾರ್ಚಿನಲ್ಲಿ ಒಬ್ಬ ಯುವಕ ಪ್ಯೂಮಾ ದಾಳಿಗೆ ಬಲಿಯಾಗಿದ್ದಾರೆ. ಆ ಮನೆಗಳ ದುಃಖವನ್ನು ಸಂಖ್ಯೆ ಸಣ್ಣದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಇದೇ ರಾಜ್ಯ 1907ರಿಂದ 1963ರವರೆಗೆ ಸತ್ತ ಪ್ಯೂಮಾ ಒಂದಕ್ಕೆ ಇಷ್ಟೆಂದು ಬಹುಮಾನ ಕೊಡುತ್ತಿತ್ತು ಎಂಬುದೂ, 1990ರಲ್ಲಿ ಜನರೇ ಮತ ಹಾಕಿ ಅದರ ಬೇಟೆಯನ್ನು ನಿಷೇಧಿಸಿದರು ಎಂಬುದೂ ನನ್ನ ಮನಸ್ಸಿನಲ್ಲಿ ಅಷ್ಟೇ ಗಟ್ಟಿಯಾಗಿದೆ.

ಇಂದು ಇಲ್ಲಿ ಪ್ಯೂಮಾಗಳ ಜೀವಕ್ಕೆ ಎರವಾಗುತ್ತಿರುವವು ಹೆದ್ದಾರಿಗಳು, ಇಲಿಪಾಷಾಣ ಮತ್ತು ಮೇಕೆಗಳು. ಶೋಕಿಗೆಂದು ಸಾಕಿದ ಎರಡು ಮೂರು ಮೇಕೆಗಳನ್ನು ರಾತ್ರಿ ಬಯಲಲ್ಲಿ ಬಿಟ್ಟು, ಅವು ಸತ್ತಾಗ ಪ್ಯೂಮಾವನ್ನು ಕೊಲ್ಲಲು ಪರವಾನಗಿ ಕೇಳುವವರಿದ್ದಾರೆ. ಕಳೆದ ವರ್ಷ ಪಕ್ಕದ ಜಮೀನಿನವರು ಎರಡು ಮೇಕೆ ಕಳೆದುಕೊಂಡು ಸಿಟ್ಟಿನಲ್ಲಿದ್ದರು. ವಾದ ಮಾಡಲು ಹೋಗದೆ, ಎರಡು ಶನಿವಾರ ಅವರೊಂದಿಗೆ ಕೆಲಸ ಮಾಡಿ, ನಾಲ್ಕೂ ಬದಿಗೆ ಬಲವಾದ ತಂತಿಜಾಲರಿ ಹಾಕಿ, ಮೇಲೆಯೂ ಅದೇ ಜಾಲರಿ ಹೊದಿಸಿ ಒಂದು ದೊಡ್ಡಿ ಕಟ್ಟಿದೆವು. ಮೇಲೆ ಮುಚ್ಚಿಗೆಯಿಲ್ಲದ ದೊಡ್ಡಿ ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ. ಉಳಿದ ಮೇಕೆಗಳನ್ನು ಈಗ ಕತ್ತಲಾಗುವ ಮೊದಲೇ ಒಳಗೆ ಕೂಡುತ್ತಾರೆ. ಅವರ ಒಪ್ಪಿಗೆಯಿಂದ ದೊಡ್ಡಿಯ ಮೂಲೆಗೆ ನನ್ನ ಒಂದು ಕ್ಯಾಮೆರಾ ಕಟ್ಟಿದ್ದೆ. ಫೆಬ್ರವರಿಯ ಒಂದು ರಾತ್ರಿ 2:10ಕ್ಕೆ ಹರಿದ ಕಿವಿಯ ಅದೇ ಹೆಣ್ಣು ಬಂದು, ಜಾಲರಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲ ಬಳಿ ನಿಂತು ಮೂಸಿ, ಓಕ್ ಮರಗಳ ಕಡೆಗೆ ಹೊರಟುಹೋಯಿತು. ಬೆಳಿಗ್ಗೆ ಪಕ್ಕದವರು ಫೋನ್ ಮಾಡಿ ಮೇಕೆಗಳು ಲೆಕ್ಕಕ್ಕೆ ಸರಿಯಾಗಿವೆ ಎಂದರು.