ಈಜುಕೊಳದ ತುಕ್ಕುಕಲೆ ತಿಕ್ಕಿದರೆ ಹೋಗುವುದಿಲ್ಲ

ಹುಬ್ಬಳ್ಳಿ-ಧಾರವಾಡದ ಸುತ್ತ ತೋಟದ ಮನೆಗಳ ಈಜುಕೊಳಕ್ಕೆ ಹೆಚ್ಚಾಗಿ ಬೋರ್ ನೀರೇ ಗತಿ. ತುಂಬಿಸಿದಾಗ ನೀರು ತಿಳಿಯಾಗಿಯೇ ಇರುತ್ತದೆ. ಕ್ಲೋರಿನ್ ಬಿದ್ದ ಮೇಲೆ ಅದರಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಗೋಡೆ, ಮೆಟ್ಟಿಲಿಗೆ ಹಿಡಿಯುತ್ತದೆ. ಅದನ್ನು ತೆಗೆಯಲು ಟಾಯ್ಲೆಟ್ ಆ್ಯಸಿಡ್ ಸುರಿಯಬೇಡಿರಿ. ಅದು ಟೈಲ್ಸ್ ನಡುವಿನ ಸಿಮೆಂಟ್ ತಿನ್ನುತ್ತದೆ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ.

ಕಂದು ಕಲೆಯೆಲ್ಲ ಕಬ್ಬಿಣದ್ದಲ್ಲ, ಎಲೆ ಕೊಳೆತರೂ ಹಾಗೇ ಕಾಣುತ್ತದೆ. ಹಳೆಯ ಕಾಲುಚೀಲದಲ್ಲಿ ಒಂದು ಹಿಡಿ ಆಸ್ಕಾರ್ಬಿಕ್ ಆಮ್ಲದ ಪುಡಿ, ಅಂದರೆ ವಿಟಮಿನ್ ಸಿ, ಕಟ್ಟಿ ಕಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಚೀಲ ತಾಗಿದಷ್ಟು ಜಾಗ ಬೆಳ್ಳಗಾದರೆ ಕಬ್ಬಿಣವೇ. ಎಲೆಯ ಕಲೆಗೆ ಕ್ಲೋರಿನ್ ಸಾಕು. ಪಾಚಿಗೆಂದು ಮೈಲುತುತ್ತ ಹಾಕಿದ ಕೊಳದಲ್ಲಿ ನೀಲಿ-ಹಸಿರು ಕಲೆ ಕಂಡರೆ ಅದು ತಾಮ್ರ. ನಿಂಬೆ ಉಪ್ಪಿನಿಂದ, ಅಂದರೆ ಸಿಟ್ರಿಕ್ ಆಮ್ಲದ ಪುಡಿಯಿಂದ, ಇದೇ ರೀತಿ ಪರೀಕ್ಷಿಸಿರಿ.

ಕಬ್ಬಿಣವೆಂದು ಖಾತ್ರಿಯಾದರೆ ಮೊದಲು ಕ್ಲೋರಿನ್ ನಿಲ್ಲಿಸಿ, ಬಿಸಿಲಿಗೆ ಅದರ ಪ್ರಮಾಣ ಇಳಿಯಲು ಬಿಡಿರಿ. ಕ್ಲೋರಿನ್ ಅಳೆಯುವ ಟೆಸ್ಟ್ ಕಿಟ್‌ನಲ್ಲಿ ಬಣ್ಣ ಬಹುತೇಕ ಹೋಗಿರಬೇಕು, ಇಲ್ಲವಾದರೆ ಹಾಕಿದ ವಿಟಮಿನ್ ಸಿ ಪುಡಿಯನ್ನೆಲ್ಲ ಕ್ಲೋರಿನ್ನೇ ನುಂಗುತ್ತದೆ. 16 ಅಡಿ ಉದ್ದ, 10 ಅಡಿ ಅಗಲ, ಸರಾಸರಿ 4 ಅಡಿ ಆಳದ ಕೊಳದಲ್ಲಿ ಸುಮಾರು 18,000 ಲೀಟರ್ ನೀರು. ಅದಕ್ಕೆ 200 ಗ್ರಾಂ ಪುಡಿ ಬೇಕು. ಅರ್ಧವನ್ನು ಬಕೆಟ್ ನೀರಲ್ಲಿ ಕರಗಿಸಿ, ಪಂಪ್ ಚಾಲೂ ಇಟ್ಟು ಕಲೆ ಇರುವ ಕಡೆ ಸುರಿಯಿರಿ. ಅರ್ಧ ಗಂಟೆಯಲ್ಲಿ ಕಲೆ ಮಸುಕಾಗದಿದ್ದರೆ ಉಳಿದದ್ದನ್ನೂ ಹಾಕಿರಿ. ಕ್ಲೋರಿನ್ ಇಲ್ಲದ ಈ ದಿನಗಳಲ್ಲಿ ಯಾರನ್ನೂ ನೀರಿಗಿಳಿಸಬೇಡಿರಿ.

ಬಹಳಷ್ಟು ಜನ ಎಡವುವುದು ಇಲ್ಲಿಂದ ಮುಂದೆ. ಕಲೆ ಹೋಯಿತು, ಕಬ್ಬಿಣ ಹೋಗಿಲ್ಲ. ಮತ್ತೆ ನೀರಿಗೇ ಇಳಿದಿದೆ. ಖುಷಿಯಲ್ಲಿ ಒಮ್ಮೆಲೇ ಕ್ಲೋರಿನ್ ಸುರಿದರೆ ಮರುದಿನವೇ ಕಂದು ಮರಳುತ್ತದೆ. ಅಂದೇ ಈಜುಕೊಳದ ಸಾಮಾನಿನ ಅಂಗಡಿಯಲ್ಲಿ ಸಿಗುವ, ಲೋಹವನ್ನು ಹಿಡಿದಿಡುವ ಸೀಕ್ವೆಸ್ಟ್ರಂಟ್ ದ್ರಾವಣವನ್ನು ಡಬ್ಬಿಯ ಮೇಲಿನ ಅಳತೆಯಂತೆ ಹಾಕಿ, ಇಡೀ ದಿನ ಫಿಲ್ಟರ್ ಓಡಿಸಿರಿ. ನೀರಿನ ಆಮ್ಲೀಯತೆ ತೋರಿಸುವ ಪಿಎಚ್ 7.2ಕ್ಕಿಂತ ಕೆಳಗಿಳಿದಿದ್ದರೆ ವಾಷಿಂಗ್ ಸೋಡಾ ಒಂದು ಸಲಕ್ಕೆ 100 ಗ್ರಾಂ ಮಾತ್ರ ಕರಗಿಸಿ ಹಾಕಿರಿ. ಕ್ಲೋರಿನ್ ಅನ್ನು ದಿನಕ್ಕಿಷ್ಟಿಷ್ಟೇ ಏರಿಸಿರಿ. ಆಮೇಲೆ ಕಾಲು ಭಾಗ ನೀರು ಖಾಲಿ ಮಾಡಿ ಹೊಸದು ತುಂಬಿದರೆ ಕಬ್ಬಿಣವೂ ಅಷ್ಟು ಕಡಿಮೆ, ಆದರೆ ಅದೇ ಬೋರ್ ನೀರಲ್ಲ; ನಲ್ಲಿಗೆ ಬರುವ ಮಲಪ್ರಭಾ ನೀರು ಅಥವಾ ಮಳೆನೀರು ಉತ್ತಮ. ಯಾವ ನೀರೇ ಆಗಲಿ, ತುಂಬುವ ಮೊದಲು ಬಿಳಿ ಬಕೆಟ್‌ನಲ್ಲಿ ಹಿಡಿದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ತಾಸು ಬಿಡಿರಿ. ಚಹಾದ ಬಣ್ಣಕ್ಕೆ ತಿರುಗಿದರೆ ಆ ನೀರು ಗಿಡಗಳಿಗೆ ಇರಲಿ.