ಅಮೆರಿಕದ ರಹಸ್ಯ ಗುತ್ತಿಗೆ ಕೆಲಸ: ಕ್ಲಿಯರೆನ್ಸೂ ಊರಿನ ಆಸ್ತಿಯೂ

ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಐಟಿ ಕೆಲಸ ಹುಡುಕುವ ನಮ್ಮವರಿಗೆ ಪದೇ ಪದೇ ಎದುರಾಗುವ ಷರತ್ತು 'ಸೀಕ್ರೆಟ್ ಕ್ಲಿಯರೆನ್ಸ್ ಇರಬೇಕು' ಎಂಬುದು. ಕ್ಲಿಯರೆನ್ಸ್ ಎಂದರೆ ಹಿನ್ನೆಲೆ ತನಿಖೆ ಮಾಡಿ, ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಕೊಡುವ ಅನುಮತಿ. ಮೊದಲೇ ಮಾಡಿಸಿಟ್ಟುಕೊಳ್ಳೋಣ ಎಂದರೆ ಆಗುವುದಿಲ್ಲ. ಕೆಲಸ ಕೊಡುವ ಸರ್ಕಾರಿ ಇಲಾಖೆಯೋ, ಕ್ಲಿಯರೆನ್ಸ್ ಇರುವ ಇನ್ನೊಬ್ಬ ಗುತ್ತಿಗೆದಾರರೋ ಮೊದಲು ನಿಮ್ಮ ಕಂಪನಿಯ ಹೆಸರನ್ನು ಕ್ಲಿಯರೆನ್ಸಿಗೆ ಸೂಚಿಸಬೇಕು; ಆಮೇಲೆ ಕಂಪನಿ ನಿಮ್ಮ ಹೆಸರು ಸೂಚಿಸಬೇಕು. ತನಿಖೆಯ ಖರ್ಚು ಸರ್ಕಾರದ್ದೇ. 'ಇಷ್ಟು ಡಾಲರ್ ಕೊಡಿ, ಮಾಡಿಸಿಕೊಡ್ತೀವಿ' ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಎಚ್-1ಬಿ, ಗ್ರೀನ್ ಕಾರ್ಡ್ ಸಾಲದು, ಪೌರತ್ವ ಬೇಕು. ವಿಶೇಷ ಪರಿಣತಿ ಇರುವ ವಿದೇಶಿಯರಿಗೆ ಸೀಮಿತ ಅನುಮತಿ ಕೊಡುವುದುಂಟು, ಅದು ಅಪರೂಪ.

ಸ್ವಂತ ಕಂಪನಿ ನಡೆಸುವವರು ಓದಬೇಕಾದದ್ದು ಗುತ್ತಿಗೆದಾರರು ಸರ್ಕಾರದ ಗುಟ್ಟಿನ ಮಾಹಿತಿಯನ್ನು ಹೇಗೆ ಕಾಪಾಡಬೇಕೆಂದು ಹೇಳುವ, 2021ರಲ್ಲಿ ಜಾರಿಗೆ ಬಂದ ನಿಸ್ಪಾಮ್ ನಿಯಮ. ರಕ್ಷಣಾ ಇಲಾಖೆಯ ಪರವಾಗಿ ಇದರ ಉಸ್ತುವಾರಿ ಡಿಸಿಎಸ್‌ಎ ಎಂಬ ಭದ್ರತಾ ಸಂಸ್ಥೆಯದು. ರಕ್ಷಣಾ ಗುತ್ತಿಗೆಯ ಜೊತೆ ಬರುವ ಡಿಡಿ-254 ಫಾರಂ ಯಾವ ಮಟ್ಟದ ಗುಟ್ಟು, ಅದನ್ನು ನಿಮ್ಮ ಆಫೀಸಿನಲ್ಲೇ ಇಡಬಹುದೇ ಎಂಬುದನ್ನೆಲ್ಲ ಹೇಳುತ್ತದೆ. ಇಡುವುದಾದರೆ ಮಾಮೂಲಿ ಬೀರು ನಡೆಯದು, ಸರ್ಕಾರ ಒಪ್ಪಿದ ಪೆಟ್ಟಿಗೆಯೇ ಬೇಕು. ಚಿಕ್ಕ ಕಂಪನಿಗಳು ಸರ್ಕಾರಿ ಜಾಗಕ್ಕೇ ಹೋಗಿ ಕೆಲಸ ಮಾಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಎಫ್‌ಎಸ್‌ಒ ಎಂಬ ಭದ್ರತಾ ಅಧಿಕಾರಿಯನ್ನಂತೂ ನೇಮಿಸಲೇಬೇಕು. ಎಸ್‌ಎಫ್-328 ಫಾರಂ ವಿದೇಶಿ ನಂಟನ್ನು ಕೆದಕುತ್ತದೆ: ಬೆಂಗಳೂರಿನಲ್ಲಿರುವ ಭಾವಮೈದ ನಿಮ್ಮ ಕಂಪನಿಯಲ್ಲಿ ಶೇ. 5ರಷ್ಟು ಷೇರು ಹೊಂದಿದ್ದರೂ ಬರೆಯಬೇಕು.

ನಮ್ಮವರು ಎಡವುವುದು ವೈಯಕ್ತಿಕ ಅರ್ಜಿ ಎಸ್‌ಎಫ್-86ರಲ್ಲಿ. ಅಪ್ಪ ಅಮ್ಮ, ಅಣ್ಣ ತಮ್ಮ, ಅತ್ತೆ ಮಾವ, ಯಾರು ಎಲ್ಲಿದ್ದಾರೆ, ಯಾವ ದೇಶದ ಪೌರರು ಎಲ್ಲ ಕೇಳುತ್ತಾರೆ. ಮೈಸೂರಿನ ಸೈಟು, ಭಾರತದ ಬ್ಯಾಂಕಿನಲ್ಲಿರುವ ಎನ್‌ಆರ್‌ಒ ಖಾತೆಯ ಹಣ ಎರಡನ್ನೂ ಮುಚ್ಚಿಡಬೇಡಿ. ಅಪ್ಪನ ಕಾಲದ ತೋಟ ಇನ್ನೂ ಭಾಗವಾಗಿಲ್ಲ, ಪಹಣಿಯಲ್ಲಿ ನಿಮ್ಮ ಹೆಸರೂ ಇದೆ ಎಂದಾದರೆ 'ಅದು ನಂದಲ್ಲ ಬಿಡಿ' ಎಂದು ದಾಟಿಸಬೇಡಿ. ನಿಮ್ಮ ಪಾಲಿನ ಅಂದಾಜು ಬೆಲೆ ಬರೆದು, ಭಾಗವಾಗಿಲ್ಲ ಎಂದು ವಿವರಿಸಿ. ಊರಲ್ಲಿ ನಂಟರಿದ್ದಾರೆ ಎಂದಮಾತ್ರಕ್ಕೆ ಕ್ಲಿಯರೆನ್ಸ್ ತಪ್ಪುವುದಿಲ್ಲ. ಆ ನಂಟು ಹಿಡಿದು ನಿಮ್ಮನ್ನು ಯಾರಾದರೂ ಬಗ್ಗಿಸಬಹುದೇ ಎಂದು ಮುಖ್ಯವಾಗಿ ತೂಗುತ್ತಾರೆ. ಬೇಕೆಂದೇ ಸುಳ್ಳು ಬರೆದರೆ ಮಾತ್ರ 5 ವರ್ಷದವರೆಗೆ ಜೈಲಾಗಬಹುದು.

ಕ್ಲಿಯರೆನ್ಸ್ ಸಿಕ್ಕಮೇಲೆ ಯುಗಾದಿಗೋ ಮದುವೆಗೋ ಊರಿಗೆ ಹೊರಡುವಾಗ ಮುಂಚೆಯೇ ಎಫ್‌ಎಸ್‌ಒಗೆ ತಿಳಿಸಬೇಕು. ಅಮ್ಮನಿಗೆ ಹುಷಾರಿಲ್ಲವೆಂದು ರಾತ್ರೋರಾತ್ರಿ ವಿಮಾನ ಹತ್ತಬೇಕಾಗಿ ಬಂದರೆ ಒಂದು ಇಮೇಲ್ ಹಾಕಿ ಹೊರಡಿ. ಪೂರ್ತಿ ವಿವರವನ್ನು ಮರಳಿದ 5 ಕೆಲಸದ ದಿನಗಳೊಳಗೆ ಕೊಟ್ಟರಾಯಿತು.